ತೂರುನೋಟ

ಬಟಾಬಯಲು, ಅದರ ನಟ್ಟನಡುವೆ ಒಂದು ಖಾಲಿ ಕುರ್ಚಿ. ಆ ಊರನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಮೊದಲು ಬರುವುದು ಇದೇ. ಊರಿಗೊಂದು ಕೋಟೆಯಿತ್ತು, ಹೊಳೆಯಿತ್ತು, ನಾನು ಇಂಗ್ಲಿಷ್ ಕಲಿಸುತ್ತಿದ್ದ ಹೈಸ್ಕೂಲಿತ್ತು. ಅವೆಲ್ಲ ಕರೆದರೆ ಬರುತ್ತವೆ. ಕುರ್ಚಿ ಮಾತ್ರ ಕರೆಯದೆಯೇ ಬಂದು ಕೂರುತ್ತದೆ.

ನಾನು ವರ್ಗವಾಗಿ ಹೋದ ಹೊಸತು. ಸಂತೆ ಬಯಲಿನ ಅಂಚಿಗೆ ನನ್ನ ಬಾಡಿಗೆ ಮನೆ. ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಎತ್ತರದ ಬೆನ್ನಿನ ಬೆತ್ತದ ಕುರ್ಚಿಯೊಂದು ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ಯಾರೋ ಪುಣ್ಯಾತ್ಮರು ಮರೆತು ಹೋಗಿದ್ದಾರೆ ಅಂದುಕೊಂಡೆ. ಆದರೆ ಹಾಲಿನವನು ಅದರ ಹತ್ತಿರ ಬರುತ್ತಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಅವನ ಹಿಂದಿದ್ದ ಹೆಣ್ಣುಮಕ್ಕಳು ಸೆರಗು ಎಳೆದುಕೊಂಡು ದೂರದಿಂದಲೇ ಸುತ್ತು ಹಾಕಿ ಹೋದರು. ಒಂದು ನಾಯಿ ಮಾತ್ರ ಧೈರ್ಯವಾಗಿ ಅದರ ಕಾಲು ಮೂಸಿ ನೋಡಿತು. ಅದನ್ನೂ ಯಾರೋ ಗದರಿಸಿ ಓಡಿಸಿದರು.

ಪಕ್ಕದಲ್ಲೇ ಖಾನಾವಳಿ ನಡೆಸುತ್ತಿದ್ದ ನೀಲವ್ವನನ್ನು ಕೇಳಿದೆ. ಎರಡು ಹೊತ್ತು ನಾನು ಉಣ್ಣುತ್ತಿದ್ದುದು ಆಕೆಯ ಕೈಯ ರೊಟ್ಟಿಯನ್ನೇ.

"ಧಣಿ ಕುರ್ಚಿರಿ ಅದು," ಅಂದಳು ರೊಟ್ಟಿ ಬಡಿಯುತ್ತಲೇ. "ನಾಟಕದ ಕಂಪನಿ ಬರತೈತಿ. ಮೊದಲ ಕುರ್ಚಿ ಬರತೈತಿ, ಆಮ್ಯಾಲ ಕಂಪನಿ."

ಪದ್ಧತಿಯೇ ಹಾಗಿತ್ತು. ಯಾವ ನಾಟಕ ಕಂಪನಿ ಆ ಊರಿನಲ್ಲಿ ಬೀಡು ಬಿಡಬೇಕಾದರೂ ಮೊದಲು ವಾಡೆಯಿಂದ, ಅಂದರೆ ಧಣಿಯ ದೊಡ್ಡ ಮನೆಯಿಂದ, ಅವರ ಕುರ್ಚಿ ಬಂದು ಬಯಲಿನಲ್ಲಿ ಇಳಿಯಬೇಕು. ಅದು ಇಳಿದ ಜಾಗದಿಂದ ಹಗ್ಗ ಹಿಡಿದು, ರಂಗ ಎಲ್ಲಿ, ಕಂಬ ಎಲ್ಲಿ, ತಗಡು ಎಲ್ಲಿ ಎಂದು ಅಳೆಯಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಕಂಪನಿಯ ಬೀದಿ ಪರದೆಯಲ್ಲಿ ಆ ಊರಿನದೇ ದೊಡ್ಡ ಬೀದಿ ಇರಬೇಕು, ಬೀದಿಯ ಕೊನೆಗೆ ಧಣಿಯ ವಾಡೆ ಇರಬೇಕು. ಹೊಸದಾಗಿ ಹಾಗೆ ಬರೆಯಿಸದ ಕಂಪನಿಗೆ ಬಯಲು ಸಿಗುತ್ತಿರಲಿಲ್ಲ. ಇದೆಲ್ಲ ಧಣಿಯ ಮುತ್ತಜ್ಜನ ಕಾಲದಿಂದ ನಡೆದು ಬಂದದ್ದು ಎಂದು ಊರವರು ಹೇಳುತ್ತಿದ್ದರು. ಹೇಳುವಾಗ ಯಾಕೋ ನೆಲ ನೋಡುತ್ತಿದ್ದರು.

ಧಣಿಯನ್ನು ಹೆಸರು ಹಿಡಿದು ಕರೆದವರನ್ನು ನಾನು ಅಲ್ಲಿ ಕಾಣಲಿಲ್ಲ. ಹಾಗೆಂದು ಅವರನ್ನು ಸಿಡುಕಿನ ಮನುಷ್ಯರೆಂದು ತಿಳಿಯಬೇಡಿ. ಮೆತ್ತಗಿನ ದನಿ, ಮಾಸದ ಧೋತರ, ಎದುರಿಗೆ ಬಂದವರಿಗೆ ತಾವೇ ಮೊದಲು ಕೈಮುಗಿಯುವ ಸೌಜನ್ಯ. ನನ್ನನ್ನು ಕಂಡರೆ ನಿಂತು, "ಮಾಸ್ತರ, ಆರಾಮಿದ್ದೀರಿಲ್ಲ?" ಎಂದು ವಿಚಾರಿಸುತ್ತಿದ್ದರು. ನಾನು ಆರಾಮಾಗಿಯೇ ಇರುತ್ತಿದ್ದೆ. ಅವರು ಕೇಳಿದ ಮೇಲೆ ಸ್ವಲ್ಪ ಹೊತ್ತು ಇರುತ್ತಿರಲಿಲ್ಲ.

ಆ ಸಲ ಬಂದ ಕಂಪನಿಯ ಮಾಲೀಕರು ನನ್ನ ಬಾಗಿಲಿಗೆ ಬಂದು, ತಮ್ಮ ಪರದೆ ಬರೆಯುವವನಿಗೆ ಮುಂದಿನ ಪಡಸಾಲೆ ಬಿಟ್ಟುಕೊಡಬೇಕೆಂದು ಕೇಳಿಕೊಂಡರು. ಹೀಗೆ ಬಂದವನು ಮೌನೇಶ ಚಿತ್ರಗಾರ. ಮೂವತ್ತರ ಹತ್ತಿರದ ಪ್ರಾಯ, ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ, ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಬಂದ ದಿನವೇ ಪಡಸಾಲೆಯಲ್ಲಿ ಒಲೆ ಹೂಡಿ ಬಣ್ಣಕ್ಕೆ ಬೆರೆಸುವ ಅಂಟು ಕುದಿಸಿದ. ಮನೆಯೆಲ್ಲ ಆ ನಾತಕ್ಕೆ ತಲೆ ಸಿಡಿಯಿತು. ನಾನು ಗೊಣಗಿದೆ. ಅವನು ನಕ್ಕು, "ಎರಡ ದಿನದಾಗ ಮೂಗು ರೂಢಿ ಆಗತೈತ್ರಿ," ಅಂದ. ಆಗಲೂ ಇಲ್ಲ, ಅದು ಬೇರೆ ಮಾತು.

ಅವನ ಕೆಲಸವನ್ನು ನೋಡುತ್ತ ಕೂರುವುದು ನನಗೆ ಚಟವಾಯಿತು. ರಂಗದ ಹಿಂದೆ ದೊಡ್ಡ ಪರದೆ, ಅದರ ಮುಂದೆ ಎಡಕ್ಕೂ ಬಲಕ್ಕೂ ಒಂದರ ಹಿಂದೊಂದು ನಿಲ್ಲಿಸಿದ ಪಕ್ಕದ ಹಲಗೆಗಳು. ಬೀದಿಯ ಮನೆಗಳು ಹಲಗೆಗಳಲ್ಲಿ ಆರಂಭವಾಗಿ ಪರದೆಯಲ್ಲಿ ಮುಗಿಯಬೇಕು. ಕೊನೆಯ ವಾಡೆಯೂ ಅಷ್ಟೇ, ಗೋಡೆಗಳು ಹಿಂದಿನ ಹಲಗೆಗಳ ಮೇಲೆ, ಮಾಳಿಗೆ ಪರದೆಯ ಮೇಲೆ. ಮಾಡಿನ ಅಂಚಿನ ಗೆರೆ ಒಂದು ಹಲಗೆಯಿಂದ ಇನ್ನೊಂದಕ್ಕೆ ಹಾರಿ, ಅಲ್ಲಿಂದ ಪರದೆಗೆ ಹಾರಿ, ನಡುವೆ ಎಲ್ಲೂ ಕಡಿದಂತೆ ಕಾಣಬಾರದು. ಇದಕ್ಕಾಗಿ ಮೌನೇಶ ಪರದೆಯ ನಡುವೆ ಒಂದು ಮೊಳೆ ಹೊಡೆದು, ಅದಕ್ಕೆ ದಾರ ಕಟ್ಟಿ ಎಳೆಯುತ್ತಿದ್ದ. ಆಮೇಲೆ ಓಡಿ ಬಂದು ಧಣಿಯ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ, ಕೂತವರ ಕಣ್ಣು ಬರುವ ಎತ್ತರಕ್ಕೆ ತನ್ನ ತಲೆ ತಂದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕುರ್ಚಿಯಲ್ಲಿ ಕೂತು ನೋಡಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಆದರೆ ಅದರಲ್ಲಿ ಕೂರುವ ಎದೆಗಾರಿಕೆ ಯಾರಿಗಿತ್ತು?

ನಾನು ರಂಗದ ಎಡಬದಿಗೆ ಹೋಗಿ, ನೆಲದ ಜನ ಕೂರುವ ಕಡೆಯಿಂದ ನೋಡಿದೆ. ಅಲ್ಲಿಂದ ಬೀದಿಯೆಲ್ಲ ಭೂಕಂಪಕ್ಕೆ ಸಿಕ್ಕಿದ ಹಾಗೆ ಒಡೆದು ಕಾಣುತ್ತಿತ್ತು.

"ಇಲ್ಲಿಂದ ಎಲ್ಲಾ ಸೊಟ್ಟ ಐತಲ್ಲೋ," ಅಂದೆ.

"ಇರತೈತ್ರಿ. ಬೀದಿ ನೆಟ್ಟಗ ಕಾಣೋದು ಒಂದ ಜಾಗಾದಿಂದ. ಆ ಜಾಗಾದಾಗ ಕುರ್ಚಿ ಐತಿ," ಅಂದ ಮೌನೇಶ. "ಇಂಗ್ಲಿಷಿನಾಗ ಇದಕ್ಕ ಏನೋ ಅಂತಾರಂತಲ್ರಿ ಮಾಸ್ತರ?"

"ಪರ್ಸ್‌ಪೆಕ್ಟಿವ್."

"ಹಾಂ, ಅದ. ನಮ್ಮಣ್ಣ ಅದಕ್ಕ ತೂರುನೋಟ ಅಂತಿದ್ದ. ಪರದೀಗೆ ತೂತು ಕೊರದು ಅದರಾಗ ಹಾಯ್ದು ಆಚೀಕ ನೋಡಿದಂಗ ಕಾಣಬೇಕಂತ. ಸಾಲಿ ಬಿಟ್ಟು ಓಡಿಹೋದಾವ, ತಾನ ಕಟ್ಟಿದ ಮಾತು ಅದು. ನಮ್ಮ ಮನಿ ಬಿಟ್ಟರ ಎಲ್ಲೂ ಇಲ್ಲ."

ಇಂಗ್ಲಿಷ್ ಮಾಸ್ತರನಿಗೆ ಇಷ್ಟು ಸಾಕಲ್ಲ. ಆ ಮಧ್ಯಾಹ್ನ ಮನೆಗೆ ಬಂದವನೇ ದಪ್ಪ ನಿಘಂಟು ಇಳಿಸಿ ಧೂಳು ಕೊಡವಿದೆ. ಶಬ್ದದ ಬೇರು ಲ್ಯಾಟಿನ್. 'ಪರ್' ಅಂದರೆ ತೂರಿಕೊಂಡು, ಹಾಯ್ದು. ಉಳಿದ ಅರ್ಧಕ್ಕೆ ನೋಡುವುದು ಎಂದು ಅರ್ಥ. ಸಾಲೆ ಬಿಟ್ಟು ಓಡಿಹೋಗಿ ಪರದೆ ಬರೆಯಲು ಕೂತ ಒಬ್ಬ ಚಿತ್ರಗಾರ ಲ್ಯಾಟಿನ್ನಿನ ಬೇರನ್ನೇ ಕನ್ನಡಕ್ಕೆ ಕಿತ್ತು ನೆಟ್ಟಿದ್ದ! ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಮೌನೇಶನನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ಮೊದಮೊದಲು ಅದು ಕಣ್ಣು ಮತ್ತು ಬೆಳಕಿನ ಶಾಸ್ತ್ರಕ್ಕೆ ಇದ್ದ ಹೆಸರು. ಆಮೇಲೆ ದೂರದ್ದನ್ನು ನೋಡುವ ಗಾಜಿಗೂ ಅದೇ ಹೆಸರಾಯಿತು. ಅಲ್ಲಿಂದ ಚಿತ್ರಗಾರರು ಎತ್ತಿಕೊಂಡರು. ಒಬ್ಬೊಬ್ಬರು ತಾವು ನಿಂತ ಜಾಗದಿಂದ ಲೋಕವನ್ನು ಕಾಣುವ ಬಗೆಗೆ ಆ ಶಬ್ದ ಸಂದದ್ದು ತೀರ ಈಚೆಗೆ.

"ನಮ್ಮ ಹೆಡ್‌ಮಾಸ್ತರ್ರು 'ನನ್ನ ಪರ್ಸ್‌ಪೆಕ್ಟಿವ್ ಬ್ಯಾರೆ ಐತಿ' ಅಂದ್ರ ರಜಾ ಇಲ್ಲ ಅಂತ ಅರ್ಥ," ಅಂದೆ.

ಮೌನೇಶ ನಕ್ಕ. "ಮೊದಲ ಕಣ್ಣಿಗೆ, ಆಮ್ಯಾಲ ಗಾಜಿಗೆ, ಆಮ್ಯಾಲ ನಮಗ, ಕಡೀಕ ಎಲ್ಲಾರಿಗೂ. ಛಲೋ ತಿರುಗೇತಿ ಬಿಡ್ರಿ ಶಬ್ದ." ಆಮೇಲೆ ನಗು ನಿಂತಿತು. "ಅಣ್ಣ ಇದ್ದಿದ್ರ ನಿಮ್ಮನ್ನ ಬಿಡತಿದ್ದಿಲ್ಲ. ಮುಂಜಾನಿತನಕ ಕೇಳತಿದ್ದ."

"ಎಲ್ಲಿದ್ದಾನ ಈಗ?"

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. "ಇದ ಊರಾಗ ಕಳದಾನ್ರಿ," ಅಂದ.

ಅಣ್ಣನ ಹೆಸರು ಕಾಳಪ್ಪ. ಕೆಲವು ವರ್ಷಗಳ ಹಿಂದೆ ಬೇರೊಂದು ಕಂಪನಿಯ ಜೊತೆ ಪರದೆ ಬರೆಯಲು ಇಲ್ಲಿಗೆ ಬಂದವನು ಮರಳಿ ಮನೆಗೆ ಹೋಗಲಿಲ್ಲ. ಎಲ್ಲೋ ಓಡಿಹೋದ ಎಂದು ಕಂಪನಿಯವರು ಕೈತೊಳೆದುಕೊಂಡರು. ತಂದೆ ಹುಡುಕಿಕೊಂಡು ಬಂದಾಗ ಧಣಿ ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಮಜ್ಜಿಗೆ ಕೊಡಿಸಿ, "ಅಂಥಾ ಚಿತ್ರಗಾರ ನನ್ನ ಹೊಸ್ತಿಲಾ ದಾಟಿಲ್ಲ, ನನ್ನ ಕೂಡ ಒಂದ ಮಾತೂ ಆಡಿಲ್ಲ," ಅಂದಿದ್ದರಂತೆ. ತಂದೆ ಅದನ್ನು ನಂಬಿ ಬಂದು, ಹಾಗೆ ನಂಬಿಕೊಂಡೇ ತೀರಿಕೊಂಡರು.

"ಅತ್ತಿಗಿ ಇದ್ದಾಳ್ರಿ ಮನ್ಯಾಗ," ಅಂದ ಮೌನೇಶ. "ಕೈತುಂಬ ಹಸಿರ ಬಳಿ ಇಟಗೊಂಡಾಳ. ಕುಂಕುಮ ಹಚಗೋತಾಳ. ಆದರ ಯಾರೂ ಉಡಿ ತುಂಬಾಕ ಕರಿಯಂಗಿಲ್ಲ. ಗಂಡ ಇದ್ದಾನೋ ಇಲ್ಲೋ ಗೊತ್ತಿಲ್ಲದಾಕೀನ ಹೆಂಗ ಕರೀಬೇಕು ಅಂತಾರ. ಆ ಸಾಲಿಗೂ ಇಲ್ಲ, ಈ ಸಾಲಿಗೂ ಇಲ್ಲ. ಹೊರಡುವಾಗ ನನ್ನ ಮುಂದ ಕೈ ಚಾಚಿ, 'ಇವನ್ನ ಇಟಗೊಳ್ಳಲೋ ತೆಗೀಲೋ, ಒಂದ ಮಾತು ತಗೊಂಡ ಬಾರೋ ಮೈದುನಾ,' ಅಂದಳು. ಅದಕ್ಕ ಈ ಕಂಪನಿ ಸೇರೀನ್ರಿ. ನಾನು ಯಾರ ತಮ್ಮ ಅಂತ ಮಾಲೀಕರಿಗೂ ಗೊತ್ತಿಲ್ಲ."

ಹುಷಾರಾಗಿರು ಎಂದೆ. ಹೇಳಿದ ಮೇಲೆ, ಏನು ಪೆದ್ದು ಮಾತು ಆಡಿದೆ ಎನ್ನಿಸಿತು. ಮರುದಿನ ಖಾನಾವಳಿಯಲ್ಲಿ ಉಣ್ಣುತ್ತ, ಹಿಂದೊಮ್ಮೆ ಬಂದಿದ್ದ ಕಾಳಪ್ಪನೆಂಬ ಚಿತ್ರಗಾರ ನೆನಪಿದ್ದಾನೆಯೇ ಎಂದು ನೀಲವ್ವನನ್ನು ಕೇಳಿದೆ. ಆಕೆಯ ಕೈ ಹಿಟ್ಟಿನ ಮೇಲೆ ನಿಂತಿತು.

"ಪಲ್ಯಾ ಹಾಕಲೇನ್ರಿ?" ಅಂದಳು. ನನ್ನ ತಾಟಿನಲ್ಲಿ ಪಲ್ಯ ತುಂಬ ಇತ್ತು.

ಆಟ ಶುರುವಾಗುವ ಮುನ್ನಾದಿನ ಧಣಿ ಪರದೆ ನೋಡಲು ಬಂದರು. ಮಧ್ಯಾಹ್ನ ಇಳಿಯುತ್ತಿತ್ತು. ತಗಡಿನ ಥಿಯೇಟರು ಕಾದ ಬೋಗುಣಿಯ ಹಾಗಿತ್ತು. ರಜೆಯಾದ್ದರಿಂದ ನಾನೂ ಅಲ್ಲಿದ್ದೆ. ಧಣಿ ಬದಿಯಿಂದ ಬಂದವರು ಅಲ್ಲೇ ನಿಂತು ಹುಬ್ಬು ಗಂಟಿಕ್ಕಿದರು.

"ವಾಡೆ ಒಡದಂಗ ಕಾಣತೈತಲ್ಲ ತಮ್ಮಾ."

"ಕುರ್ಚಿ ಮ್ಯಾಲ ಕುಂತು ನೋಡ್ರಿ ಧಣಿ," ಅಂದ ಮೌನೇಶ ಕೈಕಟ್ಟಿ.

ಅವರು ಹೋಗಿ ಕೂತರು. ತೋಳಿನ ಮೇಲೆ ಕೈ ಇಟ್ಟರು. ಬಹಳ ಹೊತ್ತು ನೋಡಿದರು. ಅವರ ಮುಖದ ಗಂಟು ಒಂದೊಂದಾಗಿ ಸಡಿಲಾಯಿತು. ಅಲ್ಲಿಂದ ಅವರಿಗೆ ಬೀದಿ ನೆಟ್ಟಗೆ ಕಂಡಿರಬೇಕು, ಎರಡೂ ಬದಿಯ ಮನೆಗಳು ಓಲಗಕ್ಕೆ ನಿಂತವರಂತೆ ಸಾಲಾಗಿ ಹೋಗಿ ಕೊನೆಗೆ ಅವರ ವಾಡೆಗೆ ತಲೆಬಾಗಿದಂತೆ ಕಂಡಿರಬೇಕು.

"ಹಾಂ," ಅಂದರು ತೃಪ್ತಿಯಿಂದ. "ಈಗ ಸರಿ ಐತಿ. ತೂರುನೋಟ ಅಂದ್ರ ಇದ ಅಲ್ಲೇನು?"

ತಗಡಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳಿಸಿತು. ನಾನು ಮೌನೇಶನ ಕಡೆ ನೋಡಲಿಲ್ಲ. ನೋಡಿದರೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತಿತ್ತು. ಅವನು ಡಬ್ಬಿಯ ನೀರಿನಲ್ಲಿ ಕುಂಚ ತೊಳೆಯುತ್ತಿದ್ದ. ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಹೌದ್ರಿ ಧಣಿ, ಹಂಗೂ ಅಂತಾರ," ಅಂದ.

ಧಣಿ ಎದ್ದು ನನಗೆ ಕೈಮುಗಿದು, "ಆರಾಮಿದ್ದೀರಿಲ್ಲ ಮಾಸ್ತರ?" ಎಂದು ಕೇಳಿ ಹೊರಟುಹೋದರು. ತಮ್ಮ ಬಾಯಿಂದ ಏನು ಜಾರಿತೆಂದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ಅವರ ಬೆನ್ನು ಮರೆಯಾದ ಮೇಲೆ ಮೌನೇಶ ನೆಲದ ಮೇಲೆ ಕುಕ್ಕರಿಸಿದ. "ಮಾಸ್ತರ, ಆ ಮಾತು ನಿಮ್ಮ ಬುಕ್ಕಿನಾಗ ಐತೇನ್ರಿ?"

"ಇಲ್ಲೋ."

"ನೀವು ಯಾರ ಮುಂದಾರ ಅಂದೀರೇನು?"

"ದೇವರಾಣಿಗೂ ಇಲ್ಲ."

"ನಾನೂ ಅಂದಿಲ್ಲ." ಅವನು ಕುಂಚದ ನೀರನ್ನು ಹಿಂಡಿದ. ಬೆರಳುಗಳ ನಡುವಿನಿಂದ ನೀಲಿ ಇಳಿಯಿತು. "ಅಂದ್ರ ಅಣ್ಣ ಇವರ ಎದುರಿಗೆ ಕುಂತು ಮಾತಾಡ್ಯಾನ. ಆ ಶಬ್ದ ತಿಳಿಸಿ ಹೇಳೂವಷ್ಟು ಹೊತ್ತು ಮಾತಾಡ್ಯಾನ. ಅಪ್ಪನ ಮುಂದ ಮಜ್ಜಿಗಿ ಇಟ್ಟು ಸುಳ್ಳ ಹೇಳಿದ್ರು."

ಆ ಮಾತನ್ನು ಹಿಡಿದುಕೊಂಡೇ ನಾವಿಬ್ಬರೂ ನೀಲವ್ವನ ಬಳಿ ಹೋದೆವು. ಉಣ್ಣುವವರೆಲ್ಲ ಎದ್ದು ಹೋಗಿದ್ದರು. ಮೌನೇಶ ತಾನು ಯಾರೆಂದು ಹೇಳಿದ. ಆಕೆ ಅವನ ಮುಖವನ್ನು ದೀಪ ಹಿಡಿದು ನೋಡುವವಳಂತೆ ನೋಡಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಮೂಗು ಅವನದ ಐತಿ," ಅಂದಳು. "ನನಗ್ಯಾಕ ಮೊದಲ ಕಾಣಲಿಲ್ಲ?"

ಆಮೇಲೆ ಆಕೆ ಹೇಳಿದ್ದು ಇಷ್ಟು. ಕಾಳಪ್ಪ ದಿನಾ ಅಲ್ಲೇ ಉಣ್ಣುತ್ತಿದ್ದ. ಒಂದು ದಿನ ನೀಲವ್ವ ಅವನನ್ನು ಚೇಷ್ಟೆ ಮಾಡಿದಳು: ನೀವು ಎಷ್ಟು ಛಂದ ಬರೆದರೇನು, ನೆಲದ ಮೇಲೆ ಕೂರುವ ನಮಗೆ ಯಾವಾಗಲೂ ಎಲ್ಲ ಸೊಟ್ಟವೇ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಆ ಸಲ ಬೀದಿಯನ್ನು ಎಡಬದಿಯ ನೆಲದಿಂದ, ಚಾಪೆಯ ಮೇಲೆ ಕೂತವರ ಕಣ್ಣಿನ ಎತ್ತರದಿಂದ ಬರೆದ. ಪರದೆ ಎದ್ದಾಗ ನೆಲದ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಹುಟ್ಟಿದಾಗಿನಿಂದ ಮೊದಲ ಸಲ ಅವರಿಗೆ ಬೀದಿ ನೆಟ್ಟಗೆ ಕಂಡಿತ್ತು. ನಡುವೆ ದೊಡ್ಡ ಕುರ್ಚಿಯಲ್ಲಿ ಕೂತ ಧಣಿಗೆ ಮಾತ್ರ ತಮ್ಮ ವಾಡೆ ಎರಡು ಹೋಳಾಗಿ ಕಂಡಿತು. ಅವರ ವಾಡೆ ಒಡೆದು ನಿಂತಿದೆ, ಊರು ಚಪ್ಪಾಳೆ ತಟ್ಟುತ್ತಿದೆ.

"ಸಿಟ್ಟಿಗೇಳಲಿಲ್ಲ," ಅಂದಳು ನೀಲವ್ವ. "ನಕ್ಕೋತನ ಅವನನ್ನ ಕರದ್ರು. 'ಈ ವಿದ್ಯಾ ನನಗ ತಿಳೀವಲ್ದು ತಮ್ಮಾ, ವಾಡೆಗೆ ಬಾ, ಕುಂತು ತಿಳಿಸಿ ಹೇಳು,' ಅಂದ್ರು. ಹೋದ. ಖುಷೀಲೆ ಹೋದ್ನೋ ಮಗನ, ನನ್ನ ವಿದ್ಯಾ ಕೇಳತಾರ ಅಂತ ಖುಷೀಲೆ ಹೋದ. ಅವನ ಪಾಲಿನ ರೊಟ್ಟಿ ಮುಚ್ಚಿ ಇಟ್ಟಿದ್ದೆ ನಾನು."

"ಆಮ್ಯಾಲ?"

"ಆಮ್ಯಾಲ ಕಂಪನಿಗಿಂತ ಮೊದಲ ಬಯಲಿಗೆ ಕುರ್ಚಿ ಬರಾಕ ಹತ್ತಿತು. ಅದಕಿಂತ ಮೊದಲ ಆಟದ ಹೊತ್ತಿಗೆ ಅಷ್ಟ ಬರತಿತ್ತು. ಕುರ್ಚಿ ಪದ್ಧತಿ ಮುತ್ತಜ್ಜನ ಕಾಲದ್ದು ಅನ್ನೂದು ಸುಳ್ಳು. ನಮಗ ಹಂಗ ಹೇಳಾಕ ಕಲಿಸ್ಯಾರ, ಹೇಳತೀವಿ."

ದಿನವೂ ಕಿಟಕಿಯಿಂದ ನೋಡುತ್ತಿದ್ದ ಕುರ್ಚಿ ಒಬ್ಬ ಮನುಷ್ಯ ಕಾಣೆಯಾದದ್ದರ ಮೇಲೆ ನಿಂತಿತ್ತು. ಮನೆಗೆ ಬರುವ ದಾರಿಯಲ್ಲಿ ನಾನು ಮೌನೇಶನಿಗೆ, ಪೊಲೀಸು ಕಚೇರಿಗೆ ಹೋಗಿ ದೂರು ಕೊಡೋಣ ಅಂದೆ.

"ಏನಂತ ಬರಸೂದ್ರಿ? ಧಣಿ ಬಾಯಿಂದ ಒಂದು ಶಬ್ದ ಬಂತು ಅಂತಾನ?" ಅಂದ ಅವನು. "ಅಣ್ಣ ವಾಡೆಗೆ ಹೋದ ಅಂತ ಗೊತ್ತಾತು. ಹೊರಗ ಬಂದ್ನೋ ಇಲ್ಲೋ ಯಾರಿಗೆ ಗೊತ್ತು? ಅದನ್ನ ಬಲ್ಲಾವ್ರು ಒಬ್ಬರ. ಅತ್ತಿಗಿ ಕೇಳಿದ್ದಕ್ಕ ಅವರ ಉತ್ತರ ಕೊಡಬೇಕು."

"ಇವತ್ತ ಊರು ಬಿಡೋ ಮಾರಾಯಾ. ನಿನ್ನೂ ಕಳಕೊಂಡ್ರ ಆಕೀಗೆ ಯಾರಿದ್ದಾರ?"

"ಹೋಗಿ ಆಕಿ ಮುಂದ ಏನಂತ ನಿಂದ್ರಲಿ?"

ಅಂದು ಅವನು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಥಿಯೇಟರಿಗೆ ಹೋದಾಗ ನೋಡಿದರೆ, ಎಡಬದಿಯ ನೆಲದ ಮೇಲೆ, ನೀಲವ್ವ ಕೂರುವ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತು ಒಂದು ಕಣ್ಣು ಮುಚ್ಚಿದ್ದ. ಪರದೆ ಮುಟ್ಟಲಿಲ್ಲ. ಪಕ್ಕದ ಹಲಗೆಗಳ ಗೆರೆಗಳನ್ನು ಮಾತ್ರ ಅಳಿಸಿ ಹೊಸದಾಗಿ ಎಳೆಯುತ್ತಿದ್ದ. ಅಷ್ಟು ಸಾಕಾಗಿತ್ತು. ಬೇಡವೋ ಎಂದು ಕೈಹಿಡಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ; ಅದರ ಮೇಲೆ ಬಣ್ಣದ ಗುರುತು ಉಳಿಯಿತು. ನನಗೆ ಅವನ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಸಂಜೆಯ ಆಟಕ್ಕೆ ಥಿಯೇಟರು ಕಿಕ್ಕಿರಿದಿತ್ತು. ಎಡಕ್ಕೆ ನೆಲದ ಜನ, ಅವರ ನಡುವೆ ನೀಲವ್ವ. ಮುಂದೆ ಒಂಟಿಯಾಗಿ ಧಣಿಯ ಕುರ್ಚಿ. ಅದರ ಹಿಂದಿನ ಬೆಂಚಿನಲ್ಲಿ ನಾನು. ನಾಂದಿ ಪದ್ಯ ಮುಗಿಯಿತು. ಮುಂದಿನ ಪರದೆ ಸುರುಳಿ ಸುತ್ತಿ ಮೇಲೇರಿತು, ಬೀದಿ ಕಂಡಿತು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ವಾಡೆ. ಅದರ ಮಾಳಿಗೆ ಒಂದು ಎತ್ತರದಲ್ಲಿ, ಗೋಡೆ ಇನ್ನೊಂದು ಎತ್ತರದಲ್ಲಿ, ನಡುವೆ ಕತ್ತಿಯಿಂದ ಸೀಳಿದಂತೆ ಸಂದಿ. ಎಡಬದಿಯಿಂದ "ನೆಟ್ಟಗೈತಿ, ನೆಟ್ಟಗೈತಿ," ಎಂಬ ಗುಸುಗುಸು ಎದ್ದಿತು. ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಅರ್ಧಕ್ಕೇ ನಿಂತವು. ಹಳೆಯದು ನೆನಪಾಗಿತ್ತು.

ಧಣಿ ಒಂದು ಕೈ ಎತ್ತಿದರು. ಹಾರ್ಮೋನಿಯಂ ಪೇಟಿಯ ದನಿ ನಿಂತಿತು. ಬಣ್ಣ ಹಚ್ಚಿದ ನಟರು ಇದ್ದಲ್ಲೇ ನಿಂತರು. ಪರದೆ ಬರೆದವನನ್ನು ಕರೆಯಲು ಹೇಳಿದರು. ಮೌನೇಶ ರಂಗದ ಮೇಲೆ ಬಂದ, ತಾನು ಬರೆದ ಬೀದಿಯ ನಡುವೆ ನಿಂತ.

ಧಣಿ ನಕ್ಕರು. ಮೆತ್ತಗೆ, ಅಕ್ಕರೆಯಿಂದ ಮಾತಾಡಿದರು. "ನಿನ್ನೆ ಸರಿ ಇತ್ತಲ್ಲ ತಮ್ಮಾ. ಈ ವಿದ್ಯಾ ನನಗ ತಿಳೀವಲ್ದು. ಆಟ ಮುಗದ ಮ್ಯಾಲ ವಾಡೆಗೆ ಬಾ. ಕುಂತು ತಿಳಿಸಿ ಹೇಳು."

ಮೌನೇಶ ಬಾಯಿ ತೆರೆಯುವ ಮೊದಲೇ ಎಡಬದಿಯಿಂದ ಒಂದು ದನಿ ಬಂತು.

"ತಿಳಿಸಿ ಹೇಳೂದು ಇಲ್ಲೇ ಹೇಳಲಿ. ನಾವೂ ಕೇಳತೀವಿ."

ನೀಲವ್ವ ಎದ್ದು ನಿಂತಿದ್ದಳು. ಆಕೆಯ ಅಕ್ಕಪಕ್ಕದವರು ಚಾಪೆಯ ಮೇಲೆ ಜರುಗಿ ಜಾಗ ಬಿಟ್ಟರು; ಭಯಕ್ಕೆ ಬಿಟ್ಟರೋ, ಗೌರವಕ್ಕೆ ಬಿಟ್ಟರೋ. ಧಣಿ ಕುರ್ಚಿಯಿಂದ ಎದ್ದರು. ಯಾರನ್ನೂ ಕರೆಯಲಿಲ್ಲ, ಕುರ್ಚಿಯನ್ನು ತಮ್ಮ ಕೈಯಿಂದಲೇ ಎತ್ತಿ ತಿರುಗಿಸಿ, ನೆಲದ ಜನರ ಕಡೆಗೆ ಮುಖ ಮಾಡಿಟ್ಟು ಕೂತರು. ಈಗ ರಂಗ ಅವರ ಬೆನ್ನಿಗಿತ್ತು. ಅವರು ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡತೊಡಗಿದರು. ನೋಟ ತಲುಪಿದಲ್ಲೆಲ್ಲ ತಲೆಗಳು ಬಗ್ಗಿದವು.

ಆ ಬೆನ್ನಿಗೆ ಮೌನೇಶ ಮಾತಾಡಿದ. "ಧಣಿ, ನಾನು ಕಾಳಪ್ಪ ಚಿತ್ರಗಾರನ ತಮ್ಮ. ವಾಡೆಗೆ ಬರಾಂಗಿಲ್ರಿ. ನನಗ ಜಗಳ ಬ್ಯಾಡ, ನ್ಯಾಯ ಬ್ಯಾಡ. ಒಂದ ಮಾತು ಬೇಕು. ನಮ್ಮ ಅತ್ತಿಗಿ ಕೈಯಾಗಿನ ಬಳಿ ಇಟಗೊಳ್ಳಲೋ, ತೆಗೀಲೋ?"

ಧಣಿ ಹಿಂದೆ ತಿರುಗಲಿಲ್ಲ. ನೆಲದ ಜನರನ್ನು ಕೊನೆಯ ಸಾಲಿನವರೆಗೂ ನೋಡಿ ಮುಗಿಸಿದರು. ಇವರಲ್ಲಿ ಒಬ್ಬರೂ ನಾಳೆ ಬಾಯಿ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಂತೆ ಕಂಡಿತು. ಆಮೇಲೆ ಬೆಳೆ ಬಗ್ಗೆಯೋ ಮಳೆ ಬಗ್ಗೆಯೋ ಹೇಳುವ ದನಿಯಲ್ಲಿ, "ತೆಗೀಲಿ," ಅಂದ.

ಇಷ್ಟು ಹೊತ್ತು ಅವರು, ಇವರು ಎಂದು ಮರ್ಯಾದೆಯಿಂದ ಹೇಳಿಕೊಂಡು ಬಂದೆ. ಆ ಮಾತಿನ ಮೇಲೆ ನನ್ನಿಂದ ಆಗದು. ಅವನು ಎದ್ದು, ಧೋತರದ ಚುಂಗು ಸರಿಮಾಡಿಕೊಂಡು, ಎದುರಾದವರಿಗೆ ಕೈಮುಗಿಯುತ್ತ ಜನರ ನಡುವೆಯೇ ನಡೆದುಹೋದ. ನನಗೂ ಕೈಮುಗಿದ. ಆರಾಮಿದ್ದೀರಾ ಎಂದು ಮಾತ್ರ ಕೇಳಲಿಲ್ಲ.

ಆಟ ಮುಂದುವರಿಯಲಿಲ್ಲ. ಕಂಪನಿಯವರು ಬಣ್ಣ ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಸಾಮಾನು ಕಟ್ಟಿದರು. ರಾಜರು, ರಾಣಿಯರು, ಹಾಸ್ಯದವನು ಎಲ್ಲರೂ ಮುಖದ ಬಣ್ಣದಲ್ಲೇ ಬಂಡಿ ಹತ್ತಿದರು. ಅವರ ನಡುವೆ ಕೂರುವ ಮೊದಲು ಮೌನೇಶ ನನ್ನ ಪಡಸಾಲೆಗೆ ಓಡಿ ಬಂದ. ಕುಂಚಗಳನ್ನು ಗಂಟು ಕಟ್ಟತೊಡಗಿದ. ಗಂಟನ್ನು ಹಾಗೇ ಬಿಟ್ಟು ಗೋಡೆಗೆ ಒರಗಿ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ನಾನು ಅವನ ತಲೆಯ ಮೇಲೆ ಕೈಯಿಟ್ಟು ನಿಂತೆ. ನನ್ನ ಕಣ್ಣೂ ತುಂಬಿತ್ತು.

"ಹಾದೀ ತುಂಬ ಒಂದ ಯೋಚನಿ ಮಾಡಕೋತ ಬಂದಿದ್ದೆ ಮಾಸ್ತರ," ಅಂದ ಕಡೆಗೆ. "ಇಟಗೊಳ್ಳಲಿ ಅಂತಾರ, ಎಲ್ಲೋ ಜೀವಂತ ಇದ್ದಾನ ಅಂತಾರ ಅಂತ. ಎಷ್ಟ ಹುಚ್ಚ ನಾನು."

ಬಂಡಿಗಳು ಹೋದವು. ಊರಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಥಿಯೇಟರು ತುಂಬ ಜನ ಕೇಳಿದ್ದರು; ಕೇಳಿದೆನೆಂದವರು ಇಲ್ಲ, ಕೇಳಿದಿರಾ ಎಂದು ವಿಚಾರಿಸಲು ಬಂದವರೂ ಇಲ್ಲ. ತಗಡು ಬಿಚ್ಚಿದರು, ಕಂಬ ಕಿತ್ತರು, ರಂಗದ ಹಲಗೆಗಳನ್ನು ಒಯ್ದರು. ಕುರ್ಚಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಮತ್ತು ವಾಡೆಯಿಂದ ಆಳುಗಳು ಅದನ್ನು ಒಯ್ಯಲು ಬರಲಿಲ್ಲ. ಮರೆತದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ತಿರುಗಿಸಿಟ್ಟ ಹಾಗೆಯೇ ಅದು ನಿಂತಿತ್ತು. ಎದುರಿಗೆ ಈಗ ನೆಲದ ಜನರಿಲ್ಲ. ಅವರು ಕೂತಿದ್ದ ಜಾಗದ ಆಚೆ ನೀಲವ್ವನ ಖಾನಾವಳಿಯ ಬಾಗಿಲು, ಅದರ ಪಕ್ಕಕ್ಕೆ ನನ್ನ ಕಿಟಕಿ.

ಮಗ್ಗುಲಲ್ಲಿ ಹಾಯುವವರು ಚಪ್ಪಲಿ ಕಳಚುತ್ತಲೇ ಇದ್ದರು. ಒಂದು ಮಳೆ ಬಿದ್ದು ಬೆತ್ತ ಕಪ್ಪಾಯಿತು. ಖಾನಾವಳಿಗೆ ಉಣ್ಣಲು ಬರುವವರು ಕಡಿಮೆಯಾದರು. ಆಮೇಲೆ ನಾನೊಬ್ಬನೇ ಉಳಿದೆ. ನೀಲವ್ವ ಎಂದಿನಂತೆ ಬೆಳಿಗ್ಗೆ ಒಲೆ ಹಚ್ಚುತ್ತಿದ್ದಳು. ಹೊರಗೆ ನೋಡದೆಯೇ ನನ್ನನ್ನು ಕೇಳುತ್ತಿದ್ದಳು:

"ಇನ್ನೂ ಐತೇನ್ರಿ ಮಾಸ್ತರ?"

"ಐತಿ."

"ಈ ಕಡೇನ ನೋಡಾಕತ್ತೈತೇನು?"

"ಹೌದು."

"ನೋಡಲಿ," ಎಂದು ಆಕೆ ಬಾಗಿಲಿನ ಎರಡೂ ಕದ ತೆರೆದು, ಅದಕ್ಕೆ ಎದುರಾಗಿಯೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆಕೆಯ ಕೈಯ ಬಡಿತ ಬಯಲಿನ ತನಕ ಕೇಳುತ್ತಿತ್ತು. ಅಲ್ಲಿ ಕುರ್ಚಿ ಖಾಲಿಯಾಗಿ, ನಮ್ಮ ಕಡೆಗೆ ಮುಖ ಮಾಡಿ ನಿಂತಿತ್ತು.